ಎಷ್ಟು ಗಂಟೆ ಆಡಿದ್ರೆ ಕಾಯಿಲೆ?

ಮನೆಯಲ್ಲಿ ಗೇಮ್ ವಿಷಯಕ್ಕೆ ಜಗಳ ಶುರುವಾದರೆ ಮೊದಲು ಬರೋ ಪ್ರಶ್ನೆ ಒಂದೇ. "ಎಷ್ಟು ಹೊತ್ತಿಂದ ಆಡ್ತಿದ್ದೀಯ?" ನಾವೆಲ್ಲ ಕೊಡೋ ಉತ್ತರವೂ ಒಂದೇ. "ಈಗ ತಾನೇ ಶುರು ಮಾಡಿದ್ದು ಅಮ್ಮ." ಎರಡೂ ಕಡೆಯವರು ಗಂಟೆ ಲೆಕ್ಕದಲ್ಲೇ ವಾದ ಮಾಡ್ತಾರೆ. ಒಂದು ಗಂಟೆ ಆದ್ರೆ ಟೈಂಪಾಸ್, ನಾಲ್ಕು ಗಂಟೆ ಆದ್ರೆ ಚಟ, ಬೆಳಗಿನ ಜಾವದ ತನಕ ಆದ್ರೆ "ಇವನನ್ನ ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗ್ಬೇಕು." ಜಯನಗರ, ಬಿಟಿಎಂ ಕಡೆ ಮನೆ ಇರೋರಿಗೆ ಈ ಕೊನೆಯ ಮಾತು ಬರೀ ಬೈಗುಳ ಅಲ್ಲ. ಟ್ರಾಫಿಕ್ ಇಲ್ಲದಿದ್ದರೆ ಆಟೋದಲ್ಲಿ ಸ್ವಲ್ಪವೇ ದೂರ.

ಆದರೆ ನಿಜವಾಗಲೂ ಅಲ್ಲಿಗೆ ಹೋದರೆ, ಎದುರಿಗೆ ಕೂತವರು ಏನನ್ನ ನೋಡಿ "ಇದು ಕಾಯಿಲೆ" ಅಂತಾರೆ, ಏನನ್ನ ನೋಡಿ "ಇಲ್ಲ, ಮನೆಗೆ ಹೋಗಿ" ಅಂತಾರೆ? ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಇರೋದು ಒಂದು ವ್ಯಾಖ್ಯೆ ಮಾತ್ರ. ಆ ವ್ಯಾಖ್ಯೆ ಹೇಗೆ ಬಂತು, ಅದರಲ್ಲಿ ಏನಿದೆ, ಅದನ್ನ ಎಷ್ಟು ನಂಬಬಹುದು ಅನ್ನೋದೇ ಈ ಲೇಖನದ ವಿಷಯ. ನಮ್ಮ ಕ್ಯಾಂಪಸ್‌ನಲ್ಲಿ "ಅವನು ಅಡಿಕ್ಟ್ ಕಣೋ" ಅಂತ ದಿನಕ್ಕೆ ಹತ್ತು ಸಲ ಕೇಳಿಸುತ್ತೆ. ಅದರಲ್ಲಿ ಒಂಬತ್ತು ಸಲ ತಮಾಷೆ. ಹತ್ತನೇದು ಯಾವುದು ಅಂತ ಗೊತ್ತಾಗೋದು ಹೇಗೆ ಅನ್ನೋದೇ ಕಷ್ಟ.

ಮೊದಲು ಕನ್ನಡದ ಪದಗಳನ್ನೇ ನೋಡೋಣ, ಯಾಕಂದ್ರೆ ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಸ್ಕೇಲ್ ಆಗಲೇ ಇದೆ. "ಹುಚ್ಚು" ಅಂದ್ರೆ ಅರ್ಧ ಹೊಗಳಿಕೆ. ಕ್ರಿಕೆಟ್ ಹುಚ್ಚು, ಸಿನಿಮಾ ಹುಚ್ಚು ಇರೋರನ್ನ ಯಾರೂ ಆಸ್ಪತ್ರೆಗೆ ಕಳಿಸಲ್ಲ. "ಗೀಳು" ಸ್ವಲ್ಪ ಮೇಲೆ, ಬಿಡಬೇಕು ಅಂದ್ರೂ ತಲೆಯಿಂದ ಹೋಗದ್ದು. ಒಸಿಡಿಗೆ ಕನ್ನಡದಲ್ಲಿ ಗೀಳು ಮನೋರೋಗ ಅಂತಲೇ ಹೆಸರಿದೆ. "ಚಟ" ಅಂದ ತಕ್ಷಣ ಅದರಲ್ಲಿ ತಪ್ಪು ಅನ್ನೋ ತೀರ್ಪು ಸೇರಿಕೊಳ್ಳುತ್ತೆ. ಸಿಗರೇಟು ಚಟ, ಇಸ್ಪೀಟು ಚಟ. "ವ್ಯಸನ" ಪೇಪರಿನವರ, ಸರ್ಕಾರದವರ ಪದ. ಹಳೇ ಕಾಲದ ಸಪ್ತವ್ಯಸನಗಳಲ್ಲಿ ಜೂಜೂ ಒಂದು. ಇಷ್ಟೆಲ್ಲ ಇದ್ರೂ "ಡಿಸಾರ್ಡರ್" ಅನ್ನೋದಕ್ಕೆ ನಾವು ಆಡುಮಾತಲ್ಲಿ ಬಳಸೋ ಪದ ಇಲ್ಲ. ಅಸ್ವಸ್ಥತೆ ಅಂತ ಬರೀಬಹುದು, ಆದರೆ ಯಾವ ಅಮ್ಮನೂ "ನಿನಗೆ ಅಸ್ವಸ್ಥತೆ ಇದೆ" ಅಂತ ಬೈಯಲ್ಲ. ಅದಕ್ಕೇ ಇರಬೇಕು, ನಮ್ಮಲ್ಲಿ ಮಾತು ನೇರವಾಗಿ ಚಟಕ್ಕೆ, ಅಂದ್ರೆ ಸ್ವಭಾವದ ದೋಷಕ್ಕೆ ಹೋಗಿಬಿಡುತ್ತೆ. ಕಾಯಿಲೆ ಇರಬಹುದಾ ಅನ್ನೋ ಪ್ರಶ್ನೆ ಮಧ್ಯದಲ್ಲಿ ಬರೋದೇ ಇಲ್ಲ.

ಈಗ ಸ್ವಲ್ಪ ಇತಿಹಾಸ, ಬೇಗ ಮುಗಿಸ್ತೀನಿ. 1995ರಲ್ಲಿ ಇವಾನ್ ಗೋಲ್ಡ್‌ಬರ್ಗ್ ಅನ್ನೋ ಅಮೆರಿಕದ ಸೈಕಿಯಾಟ್ರಿಸ್ಟ್ "ಇಂಟರ್ನೆಟ್ ಅಡಿಕ್ಷನ್ ಡಿಸಾರ್ಡರ್" ಅಂತ ಒಂದು ಕಾಯಿಲೆಯ ಲಕ್ಷಣಗಳನ್ನ ಬರೆದರು. ಅದು ಜೋಕ್. ಎಲ್ಲದಕ್ಕೂ ಕಾಯಿಲೆ ಅಂತ ಹೆಸರಿಡೋರನ್ನ ಅಣಕಿಸೋಕೆ ಬರೆದದ್ದು. ಜನ ಅದನ್ನ ಸೀರಿಯಸ್ ಆಗಿ ತಗೊಂಡು "ನನಗೂ ಇದೆ" ಅಂದರು. ಮುಂದಿನ ವರ್ಷವೇ ಕಿಂಬರ್ಲಿ ಯಂಗ್ ಅನ್ನೋ ಸೈಕಾಲಜಿಸ್ಟ್ ಇದರ ಬಗ್ಗೆ ಜೋಕ್ ಅಲ್ಲದ ಪೇಪರ್ ಮಂಡಿಸಿದರು. 2013ರಲ್ಲಿ ಅಮೆರಿಕದ ಸೈಕಿಯಾಟ್ರಿಸ್ಟ್‌ಗಳ ಕೈಪಿಡಿ ಡಿಎಸ್‌ಎಂ-5 ಬಂತು. ಅದರಲ್ಲಿ "ಇಂಟರ್ನೆಟ್ ಗೇಮಿಂಗ್ ಡಿಸಾರ್ಡರ್" ಇದೆ, ಆದರೆ ಮುಖ್ಯ ಪಟ್ಟಿಯಲ್ಲಿ ಅಲ್ಲ, ಇನ್ನೂ ಅಧ್ಯಯನ ಆಗಬೇಕಾದವುಗಳ ಭಾಗದಲ್ಲಿ. 2022ರ ಪರಿಷ್ಕೃತ ಆವೃತ್ತಿಯಲ್ಲೂ ಅಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ಒಂದು ಹೆಜ್ಜೆ ಮುಂದೆ ಹೋಯ್ತು. ಅದರ ಐಸಿಡಿ-11 ಪಟ್ಟಿ 2018ರಲ್ಲಿ ಹೊರಬಂತು, 2019ರ ಮೇ ತಿಂಗಳಲ್ಲಿ ಸದಸ್ಯ ದೇಶಗಳು ಒಪ್ಪಿದವು, 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಗೇಮಿಂಗ್ ಡಿಸಾರ್ಡರ್‌ಗೆ 6ಸಿ51 ಅನ್ನೋ ಕೋಡ್. ಅದರ ಹಿಂದಿನದು, 6ಸಿ50, ಜೂಜಿನ ಕಾಯಿಲೆ. ಎರಡೂ ಅಕ್ಕಪಕ್ಕದ ಮನೆಯವು.

ಐಸಿಡಿ-11 ಏನು ಹೇಳುತ್ತೆ? ಮೂರು ವಿಷಯ ಒಟ್ಟಿಗೆ ಇರಬೇಕು. ಇದನ್ನ ನಿಧಾನವಾಗಿ ಓದಿ, ಯಾಕಂದ್ರೆ ನ್ಯೂಸ್ ಚಾನೆಲ್‌ಗಳು ಈ ಭಾಗವನ್ನ ಯಾವಾಗಲೂ ಹಾರಿಸ್ತಾವೆ.

ಮೊದಲನೇದು, ಆಟದ ಮೇಲೆ ಹಿಡಿತ ತಪ್ಪಿರೋದು. ಇಲ್ಲಿ ಹಿಡಿತ ಅಂದ್ರೆ ಬರೀ ಎಷ್ಟು ಹೊತ್ತು ಅನ್ನೋದಲ್ಲ. ಯಾವಾಗ ಶುರು ಮಾಡ್ತೀವಿ, ಎಷ್ಟು ಸಲ, ಎಷ್ಟು ತೀವ್ರವಾಗಿ, ಯಾವಾಗ ನಿಲ್ಲಿಸ್ತೀವಿ, ಎಂಥ ಜಾಗದಲ್ಲಿ, ಸಂದರ್ಭದಲ್ಲಿ ಆಡ್ತೀವಿ, ಎಲ್ಲ ಸೇರುತ್ತೆ. ಇಂಟರ್ನಲ್ಸ್ ಹಿಂದಿನ ರಾತ್ರಿ "ಒಂದೇ ಮ್ಯಾಚ್" ಅಂತ ಕೂತು ಮೂರು ಮ್ಯಾಚ್ ಆಡಿದ್ದು ನಮ್ಮೆಲ್ಲರಿಗೂ ಗೊತ್ತಿರೋ ವಿಷಯ, ಅದು ಕಾಯಿಲೆ ಅಲ್ಲ. ನಿಲ್ಲಿಸಬೇಕು ಅಂತ ಮನಸ್ಸು ಮಾಡಿ, ಆಪ್ ಡಿಲೀಟ್ ಮಾಡಿ, ಮತ್ತೆ ಹಾಕಿ, ಮತ್ತೆ ಡಿಲೀಟ್ ಮಾಡಿ, ಪ್ರತಿ ಸಲವೂ ಸೋಲ್ತಾ ಇದ್ದರೆ ಅದು ಬೇರೆ.

ಎರಡನೇದು, ಆಟಕ್ಕೆ ಸಿಗೋ ಜಾಗ ಹೆಚ್ಚುತ್ತಾ ಹೋಗಿ ಬೇರೆಲ್ಲ ಆಸಕ್ತಿಗಳು, ದಿನನಿತ್ಯದ ಕೆಲಸಗಳು ಅದರ ಹಿಂದೆ ನಿಲ್ಲೋದು. ಗಮನಿಸಿ, ಓದು ಹಿಂದೆ ಬಿತ್ತು ಅಂತ ಮಾತ್ರ ಅಲ್ಲ. ಓದು ಹಿಂದೆ ಬೀಳೋಕೆ ಲಕ್ಷ ಕಾರಣ ಇದೆ. ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸೇ ಒಂದು ಕಾರಣ. ಊಟ, ಸ್ನಾನ, ನಿದ್ದೆ, ಮೊದಲು ಇಷ್ಟ ಇದ್ದ ಫುಟ್‌ಬಾಲು, ಸಂಜೆ ಗೆಳೆಯರ ಜೊತೆ ಫೋರ್ತ್ ಬ್ಲಾಕ್‌ನಲ್ಲಿ ಒಂದು ಸುತ್ತು, ಇವೂ ಹೋಗಿವೆಯಾ ಅನ್ನೋದು ಪ್ರಶ್ನೆ.

ಮೂರನೇದು, ಕೆಟ್ಟ ಪರಿಣಾಮ ಕಣ್ಣಿಗೆ ಕಾಣ್ತಾ ಇದ್ರೂ ಆಟ ಮುಂದುವರಿಯೋದು ಅಥವಾ ಇನ್ನೂ ಜಾಸ್ತಿ ಆಗೋದು.

ಈ ಮೂರೂ ಇದ್ದು, ಜೊತೆಗೆ ಜೀವನಕ್ಕೆ ಗಣನೀಯವಾದ ಹಾನಿ ಅಥವಾ ತೀವ್ರ ಸಂಕಟ ಆಗಿರಬೇಕು. ಇದು ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದಿರಬೇಕು. ಬಿಡದೆ ಇರಬಹುದು, ಬಿಟ್ಟು ಬಿಟ್ಟು ಮರುಕಳಿಸಲೂಬಹುದು. 12 ತಿಂಗಳು ಅಂದ್ರೆ ನಮ್ಮ ಲೆಕ್ಕದಲ್ಲಿ ಎರಡು ಸೆಮ್. ಹಾಗಾದರೆ ಇಯರ್ ಬ್ಯಾಕ್ ಆಗೋ ತನಕ ಕಾಯಬೇಕಾ? ಇಲ್ಲ. ಎಲ್ಲ ಲಕ್ಷಣ ಇದ್ದು ತೀವ್ರವಾಗಿದ್ರೆ ಅವಧಿ ಕಡಿಮೆ ಆದ್ರೂ ಡಯಾಗ್ನೋಸ್ ಮಾಡಬಹುದು ಅಂತ ಅಲ್ಲೇ ಬರೆದಿದೆ. ಇನ್ನೊಂದು ಬಾಗಿಲೂ ಇದೆ. ಕ್ಯೂಇ22 ಅನ್ನೋ ಕೋಡಿನಲ್ಲಿ "ಅಪಾಯಕಾರಿ ಗೇಮಿಂಗ್" ಅಂತ ಬೇರೆ ಇಟ್ಟಿದ್ದಾರೆ. ಅದು ಕಾಯಿಲೆ ಅಲ್ಲ, ಆದರೆ ಹೀಗೇ ಹೋದರೆ ದೇಹಕ್ಕೋ ಮನಸ್ಸಿಗೋ ಹಾನಿ ಆಗೋ ಸಾಧ್ಯತೆ ಜಾಸ್ತಿ ಅನ್ನೋ ಹಂತ.

ಮಹಾಭಾರತ ಗೊತ್ತಿರೋರಿಗೆ ಇಷ್ಟು ಹೊತ್ತಿಗೆ ಧರ್ಮರಾಯ ನೆನಪಾಗಿರಬೇಕು. ಸಂಪತ್ತು ಹೋಯ್ತು, ರಾಜ್ಯ ಹೋಯ್ತು, ತಮ್ಮಂದಿರು ಹೋದರು, ಆದರೂ ಪಣ ಏರ್ತಾನೇ ಇತ್ತು. ಧೃತರಾಷ್ಟ್ರ ಎಲ್ಲ ವಾಪಸ್ ಕೊಟ್ಟ ಮೇಲೂ ಎರಡನೇ ಸಲ ಕರೆದಾಗ ಮತ್ತೆ ಹೋಗಿ ಕೂತ. ಒಂದು ಮತ್ತು ಮೂರನೇ ಲಕ್ಷಣ ಪರ್ಫೆಕ್ಟ್ ಮ್ಯಾಚ್. ಆದರೂ 6ಸಿ51 ಹಾಕೋಕಾಗಲ್ಲ. ಪಣ ಇಟ್ಟು ಆಡಿದ್ದರಿಂದ ಅದು ಪಕ್ಕದ ಮನೆಯ ಕೋಡು. 12 ತಿಂಗಳು ಅಂತೂ ಇಲ್ಲವೇ ಇಲ್ಲ. ಮೇಲಾಗಿ ಕರೆದರೆ ಹೋಗಲೇಬೇಕು ಅನ್ನೋದು ಕ್ಷತ್ರಿಯ ಧರ್ಮ ಅಂತ ಅವನೇ ಹೇಳ್ತಾನೆ. ಸ್ಕ್ವಾಡ್‌ನವರು ಕರೆದರು ಅಂತ ನಾವು ಹೇಳೋ ಹಾಗೆ. ತಮಾಷೆ ಇರಲಿ, ಒಂದು ಕೆಟ್ಟ ದಿನ ಎಷ್ಟೇ ಕೆಟ್ಟದಾಗಿದ್ರೂ ಅದು ಪ್ಯಾಟರ್ನ್ ಅಲ್ಲ ಅನ್ನೋದು ಇಲ್ಲಿ ಪಾಯಿಂಟ್.

ಈಗ ಗಂಟೆ ವಿಷಯಕ್ಕೆ ಬರೋಣ. ಮೇಲಿನ ವ್ಯಾಖ್ಯೆಯನ್ನ ಇನ್ನೊಂದು ಸಲ ನೋಡಿ. ಅದರಲ್ಲಿ ಒಂದು ಕಡೆಯೂ ಗಂಟೆಯ ಸಂಖ್ಯೆ ಇಲ್ಲ. ಮರೆತದ್ದಲ್ಲ, ಬೇಕಂತಲೇ ಬಿಟ್ಟಿದ್ದು. ಡಾಕ್ಟರ್‌ಗಳಿಗಾಗಿ 2024ರಲ್ಲಿ ಪ್ರಕಟವಾದ ಐಸಿಡಿ-11ರ ವಿವರವಾದ ಕೈಪಿಡಿಯಲ್ಲಿ ಇದು ಇನ್ನೂ ಸ್ಪಷ್ಟ. ಪದೇಪದೇ ಆಡ್ತಾರೆ ಅನ್ನೋ ಒಂದೇ ಕಾರಣಕ್ಕೆ ಡಯಾಗ್ನೋಸ್ ಮಾಡಬಾರದು. ದಿನಾ ಆಡೋದು ರೂಢಿ ಇರಬಹುದು, ಕೌಶಲಕ್ಕೆ ಇರಬಹುದು, ಬೋರ್ ಕಳೆಯೋಕೆ, ಗೆಳೆಯರ ಜೊತೆ ಇರೋಕೆ ಇರಬಹುದು. ಹದಿಹರೆಯದ ಹುಡುಗರಲ್ಲಿ, ರಜೆಯ ಸಮಯದಲ್ಲಿ ಆಟ ಜಾಸ್ತಿ ಇರೋದು ಸಹಜ ಅಂತಲೂ ಅದು ಹೇಳುತ್ತೆ. ಇದನ್ನ ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸೋ ಮುಂಚೆ ಪೂರ್ತಿ ಲೇಖನ ಓದಿ ಪ್ಲೀಸ್.

ಇಬ್ಬರನ್ನ ಊಹಿಸಿಕೊಳ್ಳೋಣ. ಒಬ್ಬ ವ್ಯಾಲರಂಟ್ ಟೀಮ್‌ನಲ್ಲಿದ್ದಾನೆ. ಫೆಸ್ಟ್ ಟೂರ್ನಮೆಂಟ್ ಹತ್ತಿರ ಬಂದಾಗ ದಿನಕ್ಕೆ ಆರು ಗಂಟೆ ಆಡ್ತಾನೆ, ಮುಗಿದ ಮೇಲೆ ಎರಡು ವಾರ ಮುಟ್ಟಲ್ಲ, ಲ್ಯಾಬ್ ರೆಕಾರ್ಡ್ ಟೈಮಿಗೆ ಸಬ್ಮಿಟ್ ಮಾಡ್ತಾನೆ. ಇನ್ನೊಬ್ಬ ದಿನಕ್ಕೆ ಎರಡೂವರೆ ಗಂಟೆ ಮಾತ್ರ ಆಡ್ತಾನೆ. ಆದರೆ ಆ ಎರಡೂವರೆ ಗಂಟೆ ರಾತ್ರಿ ಎರಡರಿಂದ ನಾಲ್ಕೂವರೆ, ವಾರಪೂರ್ತಿ, ಒಂದು ವರ್ಷದಿಂದ. ಬೆಳಗಿನ ಕ್ಲಾಸು ಹೋಯ್ತು, ಅಟೆಂಡೆನ್ಸ್ ಹೋಯ್ತು, ಡಿಟೇನ್ ಲಿಸ್ಟ್‌ನಲ್ಲಿ ಹೆಸರು ಬಂತು, ಆದರೂ ಎರಡಕ್ಕೆ ಅಲಾರಂ ಇಟ್ಟು ಏಳ್ತಾನೆ. ಮಲಗಿರೋಣ ಅಂತ ಪ್ರಯತ್ನ ಪಟ್ಟರೂ ಆಗ್ತಿಲ್ಲ. ಗಂಟೆ ಲೆಕ್ಕದಲ್ಲಿ ಮೊದಲನೇವನು ರೋಗಿ. ವ್ಯಾಖ್ಯೆಯ ಲೆಕ್ಕದಲ್ಲಿ ಚಿಂತೆ ಮಾಡಬೇಕಾದ್ದು ಎರಡನೇವನ ಬಗ್ಗೆ.

ಈ ವ್ಯತ್ಯಾಸ ಹೊಸದಲ್ಲ. 2007ರಲ್ಲೇ ಚಾರ್ಲ್‌ಟನ್ ಮತ್ತು ಡ್ಯಾನ್‌ಫೋರ್ತ್ ಅನ್ನೋ ಇಬ್ಬರು ಸಂಶೋಧಕರು "ಆಶರಾನ್ಸ್ ಕಾಲ್" ಅನ್ನೋ ಆನ್‌ಲೈನ್ ಗೇಮ್ ಆಡೋರನ್ನ ಅಧ್ಯಯನ ಮಾಡಿ, ಚಟದ ಲಕ್ಷಣಗಳು ಅಂತ ನಾವು ಒಂದೇ ಚೀಲಕ್ಕೆ ಹಾಕೋದು ಎರಡು ಗುಂಪು ಅಂತ ತೋರಿಸಿದರು. ಆಟದ ಬಗ್ಗೆ ಸದಾ ಯೋಚಿಸೋದು, ಆಡುವಾಗ ಕಿಕ್ ಸಿಗೋದು, ಸಮಯ ಹೆಚ್ಚುತ್ತಾ ಹೋಗೋದು, ಇವೆಲ್ಲ ತುಂಬಾ ಇಷ್ಟಪಟ್ಟು ಆಡೋ ಯಾರಲ್ಲಾದ್ರೂ ಇರುತ್ತೆ. ಜೀವನದ ಜೊತೆ ಘರ್ಷಣೆ, ಬಿಟ್ಟರೆ ಚಡಪಡಿಕೆ, ಬಿಟ್ಟು ಮತ್ತೆ ಅದೇ ಸ್ಥಿತಿಗೆ ಬೀಳೋದು, ದಿನದ ವರ್ತನೆಯನ್ನೆಲ್ಲ ಆಟವೇ ಆಳೋದು, ಇವು ತಿರುಳು. ಕನ್ನಡದಲ್ಲಿ ಹೇಳೋದಾದ್ರೆ ಮೊದಲನೇದು ಹುಚ್ಚು, ಎರಡನೇದು ವ್ಯಸನ. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವ್ಯತ್ಯಾಸಕ್ಕೆ ಸ್ಟಾಟಿಸ್ಟಿಕ್ಸ್ ಸಾಕ್ಷಿ ಸಿಕ್ಕ ಹಾಗಾಯ್ತು.

ಸರ್ಕಾರಗಳು ಮಾತ್ರ ಗಂಟೆಯನ್ನ ಬಿಡಲ್ಲ, ಯಾಕಂದ್ರೆ ಗಂಟೆಯನ್ನ ಸರ್ವರ್‌ನಲ್ಲಿ ಅಳೀಬಹುದು, ಹಿಡಿತವನ್ನ ಅಳೆಯೋಕಾಗಲ್ಲ. ಚೀನಾ 2021ರಲ್ಲಿ 18 ವರ್ಷದ ಒಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ 8ರಿಂದ 9 ಮಾತ್ರ ಆನ್‌ಲೈನ್ ಗೇಮ್ ಅಂತ ನಿಯಮ ಮಾಡಿತು. ದಕ್ಷಿಣ ಕೊರಿಯಾ 2011ರಿಂದ 16 ವರ್ಷದ ಒಳಗಿನವರಿಗೆ ಮಧ್ಯರಾತ್ರಿ ಆಟ ಬಂದ್ ಮಾಡಿತ್ತು, ಹತ್ತು ವರ್ಷದ ನಂತರ ಕಾನೂನನ್ನೇ ತೆಗೆದುಹಾಕಿತು. ನಮ್ಮಲ್ಲಿ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಬ್ಯಾನ್ ಆದದ್ದು ಚೀನಾ ಆಪ್‌ಗಳು ಮತ್ತು ಡೇಟಾ ಸುರಕ್ಷತೆಯ ಕಾರಣಕ್ಕೆ, ಚಟದ ಕಾರಣಕ್ಕಲ್ಲ. ಬಿಜಿಎಂಐ ಹೆಸರಲ್ಲಿ ಬಂದು, ನಿಂತು, 2023ರಲ್ಲಿ ವಾಪಸ್ ಬಂದಾಗ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಅಂತ ಮಿತಿ ಹಾಕಿದರು. ಮೇಲೆ ಹೇಳಿದ ಎರಡನೇ ಹುಡುಗ ಈ ಎಲ್ಲ ಮಿತಿಯ ಒಳಗೇ ಆರಾಮಾಗಿ ಕೂರ್ತಾನೆ.

ಈಗ ನಮ್ಮ ಸಿಲಬಸ್‌ಗೆ ಹತ್ತಿರ ಇರೋ ಭಾಗ. ಡಿಎಸ್‌ಎಂ-5ರಲ್ಲಿ ಒಂಬತ್ತು ಲಕ್ಷಣಗಳಿವೆ, ಒಂದು ವರ್ಷದಲ್ಲಿ ಐದು ಇದ್ದರೆ ಡಿಸಾರ್ಡರ್ ಇರಬಹುದು ಅನ್ನುತ್ತೆ. ತಲೆತುಂಬ ಅದೇ ಯೋಚನೆ, ಬಿಟ್ಟರೆ ಸಿಡುಕು, ಹೊತ್ತು ಹೆಚ್ಚುತ್ತಾ ಹೋಗೋದು, ಕಡಿಮೆ ಮಾಡೋಕೆ ಹೋಗಿ ಸೋಲೋದು, ಬೇರೆ ಹವ್ಯಾಸ ಬಿಡೋದು, ತೊಂದರೆ ಗೊತ್ತಿದ್ರೂ ಮುಂದುವರಿಸೋದು, ಎಷ್ಟು ಆಡ್ತೀನಿ ಅಂತ ಸುಳ್ಳು ಹೇಳೋದು, ಬೇಜಾರು ಮರೆಯೋಕೆ ಆಡೋದು, ಸಂಬಂಧ ಅಥವಾ ಓದು ಅಥವಾ ಕೆಲಸ ಕಳೆದುಕೊಳ್ಳೋ ಹಂತ ತಲುಪೋದು. ನೇರವಾಗಿ ಹೇಳ್ತೀನಿ, ಇದರಲ್ಲಿ ಕೆಲವು ನನಗೆ ಒಪ್ಪಿಗೆ ಇಲ್ಲ. "ಈಗ ತಾನೇ ಶುರು ಮಾಡಿದ್ದು ಅಮ್ಮ" ಅನ್ನೋದು ಸುಳ್ಳು ಅಂತಾದರೆ ಕರ್ನಾಟಕದ ಅರ್ಧ ಯುವಜನತೆಗೆ ಒಂದು ಮಾರ್ಕ್ ಗ್ಯಾರಂಟಿ. ಕೆಟ್ಟ ದಿನದ ನಂತರ ಮನಸ್ಸು ಹಗುರ ಮಾಡಿಕೊಳ್ಳೋಕೆ ಆಡೋದು, ಹಾಡು ಕೇಳೋದಕ್ಕಿಂತ ಹೇಗೆ ಬೇರೆ? ನಾನೊಬ್ಬನೇ ಹೀಗನ್ನೋದಲ್ಲ. 2021ರಲ್ಲಿ ಪ್ರಕಟವಾದ ಒಂದು ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಈ ಕ್ಷೇತ್ರದ ತಜ್ಞರನ್ನೇ ಸುತ್ತು ಸುತ್ತಾಗಿ ಕೇಳಿದಾಗ, "ಹೊತ್ತು ಹೆಚ್ಚುತ್ತಾ ಹೋಗೋದು" ಅನ್ನೋ ಲಕ್ಷಣ ತೊಂದರೆ ಇರೋರನ್ನೂ ಇಲ್ಲದೋರನ್ನೂ ಬೇರ್ಪಡಿಸಲ್ಲ ಅಂತ ಒಮ್ಮತಕ್ಕೆ ಬಂದರು.

ಈ ಒಂಬತ್ತನ್ನೇ ಪ್ರಶ್ನೆ ಮಾಡಿ ತಯಾರಿಸಿದ ಪ್ರಶ್ನಾವಳಿಗಳಿವೆ. ಪಾಂಟೆಸ್ ಮತ್ತು ಗ್ರಿಫಿತ್ಸ್ 2015ರಲ್ಲಿ ಮಾಡಿದ್ದು ತುಂಬಾ ಬಳಕೆಯಲ್ಲಿದೆ. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5, ಒಟ್ಟು 9ರಿಂದ 45. ಇಂಥದ್ದು ಕಂಡ ತಕ್ಷಣ ನಮ್ಮಂಥೋರಿಗೆ ಅನ್ನಿಸೋದೇನು? ಗೂಗಲ್ ಫಾರ್ಮ್ ಮಾಡಿ ಕಾಲೇಜಿಗೆಲ್ಲ ಕಳಿಸೋಣ, ಅಡಿಕ್ಟ್‌ಗಳ ಲಿಸ್ಟ್ ರೆಡಿ. ಅಲ್ಲೇ ಪ್ರೊಬ್ಯಾಬಿಲಿಟಿ ಕ್ಲಾಸಿನ ಬೇಯ್ಸ್ ಥಿಯರಂ ಎದ್ದು ನಿಲ್ಲುತ್ತೆ.

2017ರಲ್ಲಿ ಪ್ರಿಜಿಬಿಲ್ಸ್ಕಿ ಮತ್ತು ಜೊತೆಗಾರರು ನಾಲ್ಕು ಸರ್ವೇಗಳಲ್ಲಿ ಸುಮಾರು 19 ಸಾವಿರ ಜನರನ್ನ ಕೇಳಿ, ಡಿಎಸ್‌ಎಂ ಮಾನದಂಡಕ್ಕೆ ಬರಬಹುದಾದವರು ಜನಸಂಖ್ಯೆಯ ಶೇ 0.3ರಿಂದ 1 ಅಂತ ಅಂದಾಜು ಮಾಡಿದರು. ಮೇಲಿನ ಅಂಚು, ಶೇ 1, ತಗೊಳ್ಳೋಣ. ನಮ್ಮ ಕಾಲೇಜಿನಲ್ಲಿ 2000 ವಿದ್ಯಾರ್ಥಿಗಳು ಅಂತಿಟ್ಟುಕೊಳ್ಳಿ. ನಿಜವಾಗಿ ತೊಂದರೆ ಇರೋರು 20. ನಮ್ಮ ಫಾರ್ಮ್ ತುಂಬಾ ಒಳ್ಳೇದು ಅಂತಲೇ ಇಟ್ಟುಕೊಳ್ಳೋಣ, ತೊಂದರೆ ಇರೋ 100 ಜನರಲ್ಲಿ 90 ಜನರನ್ನ ಹಿಡಿಯುತ್ತೆ, ಇಲ್ಲದ 100 ಜನರಲ್ಲಿ 90 ಜನರನ್ನ ಸರಿಯಾಗಿ ಬಿಡುತ್ತೆ. ಈ 90 ಲೆಕ್ಕಕ್ಕೆ ನಾನು ಹಾಕಿಕೊಂಡದ್ದು. ಈಗ ಲೆಕ್ಕ ಮಾಡಿ. 20ರಲ್ಲಿ 18 ಜನ ಸಿಕ್ಕರು. ಉಳಿದ 1980ರಲ್ಲಿ ಶೇ 10, ಅಂದ್ರೆ 198 ಜನ ಸುಮ್ಮನೆ ಸಿಕ್ಕಿಬಿದ್ದರು. ಲಿಸ್ಟ್‌ನಲ್ಲಿ ಒಟ್ಟು 216 ಹೆಸರು, ಅದರಲ್ಲಿ ನಿಜ 18. ಹನ್ನೆರಡರಲ್ಲಿ ಒಬ್ಬ. ಮೇಲಾಗಿ ನಿಜವಾದ ಇಬ್ಬರು ತಪ್ಪಿಸಿಕೊಂಡಿದ್ದಾರೆ. ಈ ಲಿಸ್ಟನ್ನ ಯಾರಾದರೂ 216 ಅಪ್ಪಂದಿರಿಗೆ ವಾಟ್ಸಾಪ್ ಮಾಡಿದರೆ ಏನಾಗುತ್ತೆ ಅಂತ ಯೋಚಿಸಿ. ಪ್ರಶ್ನಾವಳಿ ಡಯಾಗ್ನೋಸಿಸ್ ಅಲ್ಲ, ಮುಂದೆ ಯಾರ ಜೊತೆ ಕೂತು ಮಾತಾಡಬೇಕು ಅಂತ ಹೇಳೋ ಸಾಧನ ಅಷ್ಟೇ. 2021ರ ಇನ್ನೊಂದು ಸಮೀಕ್ಷೆ ಜಗತ್ತಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗ ಪ್ರಮಾಣ ಶೇ 3.05 ಬಂತು. ಸ್ಯಾಂಪ್ಲಿಂಗ್ ಬಿಗಿಯಾಗಿ ಮಾಡಿದ ಅಧ್ಯಯನಗಳನ್ನ ಮಾತ್ರ ಇಟ್ಟುಕೊಂಡಾಗ ಶೇ 1.96ಕ್ಕೆ ಇಳೀತು. ಕಾಯಿಲೆ ಬದಲಾಗಲಿಲ್ಲ, ಕೇಳಿದ ರೀತಿ ಬದಲಾಯ್ತು.

ಇದಕ್ಕಿಂತ ದೊಡ್ಡ ಪ್ರಶ್ನೆ, ಯಾವುದು ಮೊದಲು? ನಮಗೆ ಗೊತ್ತಿದ್ದ ಒಬ್ಬ ಸೀನಿಯರ್ ಬಿಟಿಎಂನಲ್ಲಿ ಪಿಜಿಯಲ್ಲಿದ್ದ. ಮೂರನೇ ಸೆಮ್ ರಿಸಲ್ಟ್ ಬಂದ ಮೇಲೆ ಕ್ಲಾಸಿಗೆ ಬರೋದು ನಿಲ್ಲಿಸಿದ. ರಾತ್ರಿಯೆಲ್ಲ ಗೇಮ್, ಹಗಲೆಲ್ಲ ಪರದೆ ಎಳೆದುಕೊಂಡು ಮಲಗೋದು. ಎಲ್ಲರೂ ಹೇಳಿದ್ದು ಒಂದೇ, ಗೇಮ್ ಚಟ. ಊರಿಂದ ಅವರಪ್ಪ ಬಂದು ಲ್ಯಾಪ್‌ಟಾಪ್ ತಗೊಂಡು ಹೋದರು. ಗೇಮ್ ನಿಂತಿತು. ಅವನು ಎದ್ದಿಲ್ಲ. ಲ್ಯಾಪ್‌ಟಾಪ್ ಇಲ್ಲದೆ ಅದೇ ಹಾಸಿಗೆಯಲ್ಲಿ, ಅದೇ ಕತ್ತಲಲ್ಲಿ, ಊಟಕ್ಕೂ ಏಳದೆ ಮಲಗಿದ್ದ. ಆಮೇಲೆ ಡಾಕ್ಟರ್ ಹತ್ತಿರ ಹೋದಾಗ ಅವರು ಹೇಳಿದ್ದು ಡಿಪ್ರೆಷನ್, ಅದೂ ಗೇಮ್ ಜಾಸ್ತಿ ಆಗೋಕೆ ಮುಂಚೆಯೇ ಶುರುವಾಗಿತ್ತು ಅಂತ. ಅವನಿಗೆ ಇಡೀ ದಿನದಲ್ಲಿ ಯಾರ ಜೊತೆಗಾದ್ರೂ ಮಾತು ಅಂತ ಇದ್ದದ್ದು ಆ ಗೇಮ್‌ನ ವಾಯ್ಸ್ ಚಾಟ್ ಒಂದೇ. ಅದನ್ನೂ ತೆಗೆದ ಹಾಗಾಯ್ತು.

ಐಸಿಡಿ ಕೈಪಿಡಿಯಲ್ಲಿ ಇದಕ್ಕೊಂದು ಸಾಲು ಇದೆ. ಈ ವರ್ತನೆಯನ್ನ ಬೇರೆ ಮಾನಸಿಕ ಕಾಯಿಲೆ ಇನ್ನೂ ಚೆನ್ನಾಗಿ ವಿವರಿಸೋ ಹಾಗಿದ್ರೆ ಗೇಮಿಂಗ್ ಡಿಸಾರ್ಡರ್ ಅನ್ನಬಾರದು. ಕಾಗದದ ಮೇಲೆ ಸುಲಭ. ಡಿಪ್ರೆಷನ್, ಎಡಿಎಚ್‌ಡಿ, ಜನರನ್ನ ಎದುರಿಸೋ ಭಯ, ಇವು ತುಂಬಾ ಸಲ ಗೇಮ್ ಜೊತೆಗೇ ಬರ್ತವೆ, ಒಂದನ್ನೊಂದು ಬೆಳೆಸ್ತವೆ. ಐಸಿಡಿ-11 ತಯಾರಾಗ್ತಿದ್ದಾಗ ಆರ್ಸೆಟ್ ಮತ್ತಿತರ ಸಂಶೋಧಕರು ಒಂದು ಬಹಿರಂಗ ಚರ್ಚಾಪತ್ರ ಬರೆದು ಈ ಡಯಾಗ್ನೋಸಿಸ್ ಬೇಡ ಅಂದರು. ಸಾಕ್ಷ್ಯ ಸಾಲದು, ಮಾದಕವಸ್ತು ಮತ್ತು ಜೂಜಿನ ಅಚ್ಚಿನಲ್ಲೇ ಇದನ್ನೂ ಎರಕ ಹೊಯ್ದಿದ್ದೀರಿ, ಆರೋಗ್ಯವಾಗಿ ಆಡೋ ಕೋಟ್ಯಂತರ ಮಕ್ಕಳಿಗೆ ಕಳಂಕ ಬರುತ್ತೆ ಅನ್ನೋದು ಅವರ ವಾದ. ಇನ್ನೊಂದು ಕಡೆ ಕ್ಲಿನಿಕ್ ನಡೆಸೋರು ಹೇಳಿದ್ದು, ಸಹಾಯ ಕೇಳಿಕೊಂಡು ಜನ ಬಾಗಿಲಿಗೆ ಬರ್ತಾ ಇದ್ದಾರೆ, ಹೆಸರಿಲ್ಲದ ತೊಂದರೆಗೆ ಚಿಕಿತ್ಸೆ, ಸಂಶೋಧನೆ ಹೇಗೆ ಕಟ್ಟೋದು? ನನಗೆ ಎರಡನೇ ವಾದ ಸರಿ ಅನ್ನಿಸುತ್ತೆ, ಆದರೆ ಮೊದಲನೆಯವರ ಭಯ ಸುಳ್ಳಲ್ಲ. ಇನ್ನೊಂದು ಅಸಮಾಧಾನವೂ ಇದೆ. ವ್ಯಾಖ್ಯೆಯಲ್ಲಿ ಆಡುವವನ ಹಿಡಿತದ ಮಾತಿದೆ, ಆ ಹಿಡಿತ ತಪ್ಪಿಸೋಕೇ ಡಿಸೈನ್ ಮಾಡಿದ ಡೈಲಿ ಲಾಗಿನ್ ಬೋನಸ್, ಸೀಸನ್ ಪಾಸ್, ಲೂಟ್ ಬಾಕ್ಸ್‌ಗಳ ಮಾತಿಲ್ಲ. ಬೆಲ್ಜಿಯಂ 2018ರಲ್ಲಿ ದುಡ್ಡು ಕೊಟ್ಟು ತೆಗೆಯೋ ಲೂಟ್ ಬಾಕ್ಸ್‌ಗಳನ್ನ ಜೂಜು ಅಂತಲೇ ಹೇಳಿತು. ನಾಳೆ ನಮ್ಮಲ್ಲೇ ಕೆಲವರು ಇಂಥ ಫೀಚರ್ ಕೋಡ್ ಮಾಡೋ ಕೆಲಸಕ್ಕೆ ಸೇರ್ತೀವಿ, ಅದಕ್ಕೆ ಹೇಳಿದೆ.

ದುಡ್ಡಿನ ಮಾತು ಬಂದದ್ದಕ್ಕೆ ಇನ್ನೊಂದು. ರಮ್ಮಿ, ಬೆಟ್ಟಿಂಗ್ ಆಪ್‌ಗಳನ್ನೂ ಬಿಜಿಎಂಐಯನ್ನೂ ಮನೆಯಲ್ಲಿ ಒಂದೇ ತಟ್ಟೆಗೆ ಹಾಕ್ತಾರೆ. ಐಸಿಡಿ ಹಾಕಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತ್ತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕೇಂದ್ರದ ಕಾಯ್ದೆ ದುಡ್ಡಿನ ಆಟಗಳನ್ನ ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹ ಅಂತ ಬೇರೆ ಮಾಡಿ ಇಟ್ಟಿದೆ. ರೇಖೆ ಎಲ್ಲಿ ಎಳೀಬೇಕು ಅನ್ನೋದರಲ್ಲಿ ಕಾನೂನಿಗೂ ವೈದ್ಯಕ್ಕೂ ಅಪರೂಪಕ್ಕೆ ಒಂದಿಷ್ಟು ಹೊಂದಿಕೆ.

ಇನ್ನು ನಮ್ಮೂರಿನ ವಿಷಯ. ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಒಂದು ಕ್ಲಿನಿಕ್ ಶುರುವಾಯ್ತು. ಹೆಸರು ಶಟ್, ಅಂದ್ರೆ ಸರ್ವಿಸ್ ಫಾರ್ ಹೆಲ್ದಿ ಯೂಸ್ ಆಫ್ ಟೆಕ್ನಾಲಜಿ. ಕ್ಲಿನಿಕಲ್ ಸೈಕಾಲಜಿ ಪ್ರೊಫೆಸರ್ ಡಾ. ಮನೋಜ್ ಕುಮಾರ್ ಶರ್ಮಾ ಅದನ್ನ ಕಟ್ಟಿದವರು. ಅದು ಬೆಳೆದದ್ದು ಹೊಸೂರು ರಸ್ತೆಯ ದೊಡ್ಡ ಆಸ್ಪತ್ರೆಯೊಳಗೆ ಅಲ್ಲ, ಬಿಟಿಎಂ ಲೇಔಟ್‌ನಲ್ಲಿರೋ ನಿಮ್ಹಾನ್ಸ್ ಸೆಂಟರ್ ಫಾರ್ ವೆಲ್‌ಬೀಯಿಂಗ್‌ನಲ್ಲಿ. ಮನೆಗಳ ಮಧ್ಯದ ಒಂದು ಕೇಂದ್ರ. ಐಸಿಡಿ-11 ಬರೋಕೆ ನಾಲ್ಕು ವರ್ಷ ಮುಂಚೆಯೇ, ಅಂದ್ರೆ ಕಾಯಿಲೆಗೆ ಅಧಿಕೃತ ಕೋಡ್ ಇಲ್ಲದಾಗಲೇ, ಇಲ್ಲಿ ಜನ ಬರ್ತಾ ಇದ್ದರು. ಹೆಸರು ಶಟ್ ಆದ್ರೂ ಗುರಿ ಫೋನ್ ಮುಚ್ಚಿಸೋದಲ್ಲ, ಆರೋಗ್ಯಕರ ಬಳಕೆ. ಅಲ್ಲಿ ನೋಡೋದನ್ನ ನಾಲ್ಕು "ಸಿ"ಗಳಲ್ಲಿ ಹೇಳ್ತಾರೆ. ಕ್ರೇವಿಂಗ್, ಕಂಟ್ರೋಲ್ ತಪ್ಪೋದು, ಕಂಪಲ್ಷನ್, ಕಾನ್ಸಿಕ್ವೆನ್ಸಸ್. ತುಡಿತ, ಹಿಡಿತ ಇಲ್ಲದಿರೋದು, ಮಾಡಲೇಬೇಕು ಅನ್ನೋ ಒತ್ತಡ, ಪರಿಣಾಮ. ಇದರಲ್ಲೂ ಗಂಟೆ ಇಲ್ಲ ನೋಡಿ.

ಹೋದರೆ "ಮೆಂಟಲ್" ಅನ್ನೋ ಸ್ಟಾಂಪ್ ಬೀಳುತ್ತೆ ಅನ್ನೋ ಭಯ ಇರೋರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮೂರು ವಿಷಯ ಇದೆ. 3ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆ ಇದೆಯೋ ಇಲ್ಲವೋ ಅನ್ನೋದನ್ನ ಐಸಿಡಿಯಂಥ ಒಪ್ಪಿತ ವೈದ್ಯಕೀಯ ಮಾನದಂಡದಿಂದ ತೀರ್ಮಾನಿಸಬೇಕು. ಸಮಾಜದ ನೈತಿಕ, ಸಾಂಸ್ಕೃತಿಕ ಅಥವಾ ದುಡಿಮೆಯ ಮೌಲ್ಯಗಳಿಗೆ ಹೊಂದಿಕೊಳ್ಳಲಿಲ್ಲ ಅನ್ನೋದು ಕಾರಣ ಆಗಬಾರದು. ಅಂದ್ರೆ "ಪಕ್ಕದ ಮನೆ ಹುಡುಗ ಓದ್ತಾನೆ, ಇವನು ಆಡ್ತಾನೆ" ಅನ್ನೋದು ಲಕ್ಷಣ ಅಲ್ಲ. 23ನೇ ಸೆಕ್ಷನ್ ನಿಮ್ಮ ಮಾಹಿತಿ ಗುಟ್ಟಾಗಿರೋ ಹಕ್ಕು ಕೊಡುತ್ತೆ. 21ನೇ ಸೆಕ್ಷನ್ ಪ್ರಕಾರ ಇನ್ಶೂರೆನ್ಸ್ ಕಂಪನಿಗಳು ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯ ಹಾಗೇ ಕವರ್ ಕೊಡಬೇಕು. ಒಂದು ಕೋಡ್ ಪಟ್ಟಿಗೆ ಸೇರೋದಕ್ಕೆ ಇಷ್ಟೆಲ್ಲ ಜಗಳ ಯಾಕೆ ಅಂತ ಈಗ ಗೊತ್ತಾಗಿರಬೇಕು.

ನೇರವಾಗಿ ಹೋಗೋಕೆ ಧೈರ್ಯ ಸಾಲದಿದ್ರೆ ಟೆಲಿ-ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಇಡೀ ದೇಶದ ಈ ವ್ಯವಸ್ಥೆಗೆ ಮುಖ್ಯ ಕೇಂದ್ರ ನಿಮ್ಹಾನ್ಸೇ. ಇದಕ್ಕೆ ತಂತ್ರಜ್ಞಾನದ ನೆರವು ಕೊಟ್ಟಿದ್ದು ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ ಬೆಂಗಳೂರು. ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಏಳೋ ನಿಮ್ಮ ರೂಮ್‌ಮೇಟ್‌ಗೆ ಈ ನಂಬರ್ ಕೊಡಬಹುದು, ಆ ಹೊತ್ತಿನಲ್ಲೂ ಫೋನ್ ಎತ್ತುತ್ತಾರೆ. ಕೊಡುವಾಗ ಎಷ್ಟು ಗಂಟೆ ಆಡ್ತೀಯ ಅಂತ ಕೇಳಬೇಡಿ. ಆಡದೇ ಇದ್ದ ಕೊನೇ ದಿನ ಹೇಗಿತ್ತು ಅಂತ ಕೇಳಿ.